ಕೆಂಪು ಮಣಿ ಯಾರ ಗೋಡೆಗೆ?

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಮ್ಮ ಗುಮಾಸ್ತರ ವಿಷಯದಲ್ಲಿ ಮುತ್ತೇನೂ ಒಡೆಯಲಿಲ್ಲ, ಮಾತು ಮಾತ್ರ ಹೋಯಿತು. ಹೋದದ್ದು ಸುಮ್ಮನೆ ಹೋಗದೆ, ಇಡೀ ಬೀದಿಯನ್ನು ಬೆನ್ನಿಗೆ ಕಟ್ಟಿಕೊಂಡು ಅವರ ಮನೆ ಬಾಗಿಲಿಗೇ ವಾಪಸು ಬಂತು.

ಗುಮಾಸ್ತರು ನಗರಸಭೆಯ ರಸ್ತೆ ವಿಭಾಗದಲ್ಲಿದ್ದರು. ಕೆಲಸವೆಂದರೆ, ಬಂದ ಅರ್ಜಿಯ ಮೇಲೆ 'ಬಂದಿದೆ' ಎಂದು ಮೊಹರು ಒತ್ತಿ ಪಕ್ಕದ ಮೇಜಿಗೆ ತಳ್ಳುವುದು. ಬಂದದ್ದು ಬಂದಿದೆ ಎಂದು ಹೇಳಲು ಸರ್ಕಾರ ಸಂಬಳ ಕೊಡುತ್ತದೆ ಎಂಬುದೇ ಅವರಿಗೆ ಒಂದು ಹೆಮ್ಮೆ. ಅರ್ಜಿ ತಂದವರು ಏನೇ ಗೋಳು ತೋಡಿಕೊಂಡರೂ ಅವರು "ಆಯ್ತು ಬಿಡಿ" ಅನ್ನುತ್ತಿದ್ದರು. ಆ ಮಾತಿನಿಂದ ಇವತ್ತಿನವರೆಗೆ ಒಂದು ಗುಂಡಿಯೂ ಮುಚ್ಚಿರಲಿಲ್ಲ, ಆದರೂ ಕೇಳಿದವರ ಹೊಟ್ಟೆ ತಣ್ಣಗಾಗುತ್ತಿತ್ತು. ಬೀದಿಯವರು ಬೆನ್ನ ಹಿಂದೆ ಅವರನ್ನು 'ಆಯ್ತುಬಿಡಿ' ಎಂದೇ ಕರೆಯುತ್ತಿದ್ದರು.

ಅವರ ಹೆಂಡತಿ ಮಣಿಸರ ಮಾಡುವುದರಲ್ಲಿ ಎತ್ತಿದ ಕೈ. ಅಡುಗೆಮನೆಯ ಕಿಟಕಿಯ ಪಕ್ಕ ಒಂದು ಮೇಜು, ಮೇಜಿನ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಬಣ್ಣಕ್ಕೊಂದರಂತೆ ಬಟ್ಟಲು. ಆ ಕಸುಬಿನಲ್ಲಿ ಗುಮಾಸ್ತರ ಪಾಲು ಒಂದೇ: ಸೂಜಿಗೆ ದಾರ ಹಾಕಿಕೊಡುವುದು. ಆಕೆಗೆ ಹತ್ತಿರದ್ದು ಮಸುಕು, ಇವರಿಗೆ ಹತ್ತಿರದ್ದೊಂದೇ ಸ್ಪಷ್ಟ.

ಆ ದಿನ ಇಬ್ಬರೂ ದಾರ ತರಲು ಮಾರುಕಟ್ಟೆಯ ತಿರುವಿನ ಮಣಿ ಅಂಗಡಿಗೆ ಹೋಗಿದ್ದರು. ಅಂಗಡಿಯ ಮುಂದೆ ಒಂದು ಗಾಜಿನ ಕಿಟಕಿ. ಅದರಲ್ಲಿ ಯಜಮಾನಿ ಒಮ್ಮೆಗೆ ಒಂದೇ ಸರ ಇಡುತ್ತಿದ್ದಳು, ಊರಿನ ಹೆಂಗಸರೆಲ್ಲ ಅದನ್ನು ನೋಡಲೆಂದೇ ಆ ದಾರಿ ಬಳಸಿ ಬರುತ್ತಿದ್ದರು. ಗುಮಾಸ್ತರ ಹೆಂಡತಿಗೆ ಆ ಕಿಟಕಿಯ ಮೇಲೆ ಬಹಳ ವರ್ಷದಿಂದ ಕಣ್ಣು. ಕೇಳಲು ಮಾತ್ರ ಸಂಕೋಚ. ಅವತ್ತು ಯಜಮಾನಿಯೇ ಆಕೆಯ ಕೊರಳಿನ ಸರ ನೋಡಿ ಕಣ್ಣರಳಿಸಿದಳು.

"ಅಬ್ಬಬ್ಬಾ! ಇದು ಯಾರ ಡಿಸೈನು?"

ಆಕೆ ನಾಚಿಕೊಂಡು ಬಾಯಿ ತೆರೆಯುವಷ್ಟರಲ್ಲಿ, ಚೀಲ ಹಿಡಿದು ಸ್ಟೂಲಿನ ಮೇಲೆ ಕೂತಿದ್ದ ಗುಮಾಸ್ತರು ಎದ್ದು ನಿಂತರು. ಬೆಳಗಿನಿಂದ ಮೂರು ಅಂಗಡಿ ಸುತ್ತಿದ್ದರೂ ಅವರನ್ನು ಯಾರೂ ಚೀಲಕ್ಕಿಂತ ಹೆಚ್ಚಾಗಿ ಗಮನಿಸಿರಲಿಲ್ಲ.

"ನನ್ನದು," ಎಂದರು. "ಡಿಸೈನೆಲ್ಲ ನನ್ನದೇ. ಇವಳು ಪೋಣಿಸ್ತಾಳೆ, ಅಷ್ಟೇ."

ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ಇದಕ್ಕೇ. ಹೆಂಡತಿ ಗಂಡನ ಕಡೆ ಒಂದು ಸಲ ನೋಡಿದಳು. ಕೋಪದ ನೋಟವಾಗಿದ್ದರೆ ಗುಮಾಸ್ತರು ಅಲ್ಲೇ ಕೈಮುಗಿದು ಬಚಾವಾಗುತ್ತಿದ್ದರು. ಆದರೆ ಅದು ನೊಂದ ನೋಟ.

"ಹೌದು," ಎಂದಳು ತಣ್ಣಗೆ. "ಡಿಸೈನೆಲ್ಲ ಅವರದ್ದೇ."

"ಹಾಗಾದ್ರೆ ಕೇಳಿ ಸಾರ್," ಯಜಮಾನಿ ಮುಂದೆ ಬಾಗಿದಳು. "ಮುಂದಿನ ಶನಿವಾರದೊಳಗೆ ಒಂದು ಹೊಸ ಡಿಸೈನ್ ಮಾಡಿಡಿ, ನಾನೇ ಮನೆಗೆ ಬಂದು ನೋಡ್ತೀನಿ. ಯಾರೂ ನೋಡಿರಬಾರದು ಅಂಥದ್ದು. ನನಗೆ ಹಿಡಿಸಿದ್ರೆ ಇಡೀ ವರ್ಷ ಈ ಕಿಟಕೀಲಿ ನಿಮ್ಮನೆ ಸರಗಳೇ. ಹಿಡಿಸ್ಲಿಲ್ವೋ, ಬೇರೆಯವರಿಗೆ ಕೊಟ್ಬಿಡ್ತೀನಿ."

"ಆಯ್ತು ಬಿಡಿ," ಎಂದರು ಗುಮಾಸ್ತರು. ಅಭ್ಯಾಸಬಲ.

ಮನೆಗೆ ಬಂದು ಚಪ್ಪಲಿ ಬಿಡುವಾಗಲೇ ಅವರು ಶುರುಮಾಡಿದರು. "ಅದು ಏನೋ ಬಾಯಿ ತಪ್ಪಿ ಬಂತು ಮಾರಾಯ್ತಿ. ನೀನೇ ಒಂದು ಮಾಡಿಬಿಡು."

ಆಕೆ ಮಣಿಯ ಡಬ್ಬವನ್ನೂ, ಮಣಿ ಕೂರಿಸಿ ನೋಡುವ ಜೇನುಮೇಣದ ಮುದ್ದೆಯನ್ನೂ ತಂದು ಅವರ ಮುಂದೆ ಇಟ್ಟಳು. "ನಾನು ಪೋಣಿಸೋಳು, ಅಷ್ಟೇ."

ಆ 'ಅಷ್ಟೇ' ಮುಂದಿನ ದಿನಗಳಲ್ಲಿ ಬಾಗಿಲ ಸಂದಿಯಿಂದ, ಊಟದ ತಟ್ಟೆಯ ಪಕ್ಕದಿಂದ, ಬಚ್ಚಲಮನೆಯ ಆಚೆಯಿಂದ ಕೇಳಿಬರುತ್ತಲೇ ಇತ್ತು. ಕಿಟಕಿ ಕೈತಪ್ಪುತ್ತದೆಂಬ ಸಂಕಟ ಆಕೆಗೆ ಗಂಡನಿಗಿಂತ ಹೆಚ್ಚು. ಆದರೆ ಮಾನವಂತೆ, ಸೋತು ಕೂರಲು ಸಿದ್ಧಳಿದ್ದಳೇ ಹೊರತು ಬಾಗಲು ಸಿದ್ಧಳಿರಲಿಲ್ಲ.

ಗುಮಾಸ್ತರು ಬಟ್ಟೆಯ ಮೇಲೆ ಮಣಿ ಹರಡಿ ಕೂತರು. ಒಂದು ಕೆಂಪು, ಒಂದು ಬಿಳಿ, ಒಂದು ಕೆಂಪು, ಒಂದು ಬಿಳಿ. ಹೆಂಡತಿ ಇಣುಕಿ, "ರೈಲ್ವೆ ಗೇಟು ಚೆನ್ನಾಗಿದೆ," ಎಂದು ಹೋದಳು. ಇದ್ದ ಬಣ್ಣವನ್ನೆಲ್ಲ ಸೇರಿಸಿದರು. "ಯಾರೋ ಪೆಪ್ಪರ್‌ಮೆಂಟ್ ಡಬ್ಬ ಬೀಳಿಸಿದಾರೆ," ಎಂದಳು. ಆಕೆಯ ತಮ್ಮ, ಅಂಗಡಿಗಳಿಗೆ ಬೋರ್ಡ್ ಬರೆಯುವವನು, ಸಂಜೆ ಬಂದವನು ಭಾವನ ಅವಸ್ಥೆ ನೋಡಿ ಕನಿಕರಪಟ್ಟ.

"ಭಾವ, ಒಳಗೆ ಕೂತ್ರೆ ಹೊಳೆಯಲ್ಲ. ಬಲ್ಬಿನ ಕೆಳಗೆ ಬಣ್ಣ ಸುಳ್ಳು ಹೇಳುತ್ತೆ. ನಾನು ಬೋರ್ಡಿಗೆ ಮುಂಚೆ ಬಿಸಿಲಲ್ಲಿ ಗೋಡೆ ಮೇಲೆ ಒಂದೊಂದು ಚುಕ್ಕೆ ಇಟ್ಟು, ದೂರ ನಿಂತು ನೋಡ್ತೀನಿ. ಯಾವ ಬಣ್ಣ ಬೇಕು ಅಂತ ಗೋಡೇನೇ ಹೇಳುತ್ತೆ."

"ಗೋಡೆ ಹೇಳುತ್ತಾ?"

"ನಂಬಿ ಕೇಳಬೇಕು ಭಾವ."

ಭಾನುವಾರ ಬೆಳಗ್ಗೆ ಗುಮಾಸ್ತರು ಜೇಬಿನಲ್ಲಿ ಮಣಿ, ಅಂಗೈಯಲ್ಲಿ ಮೇಣ ಹಿಡಿದು ಗೋಡೆಗಳ ಮಾತು ಕೇಳಲು ಹೊರಟರು. ಆ ಬೀದಿಯ ಸಾಲಿನಲ್ಲಿ ಮೊದಲು ದಂತವೈದ್ಯೆಯ ಕ್ಲಿನಿಕ್ಕು, ಆಮೇಲೆ ಟೈಲರನ ಅಂಗಡಿ, ಆಮೇಲೆ ನಿವೃತ್ತ ಹೆಡ್‌ಮಾಸ್ತರರ ಮನೆ, ಕೊನೆಗೆ ಗುಮಾಸ್ತರದ್ದು. ನಿಜ ಹೇಳಬೇಕೆಂದರೆ ಮೊದಲ ಮೂರೂ ರಸ್ತೆಯನ್ನು ಸ್ವಲ್ಪ ಸ್ವಲ್ಪ ತಿಂದಿದ್ದವು. ದಂತವೈದ್ಯೆಯ ಹಲ್ಲಿನ ಬೋರ್ಡು ಹೋಗಿಬರುವವರ ತಲೆಗೆ ಬಡಿಯುವಂತೆ ಚಾಚಿತ್ತು. ಟೈಲರ್ ಒಂದು ಕಲ್ಲಿನ ಮೆಟ್ಟಿಲನ್ನು ರಸ್ತೆಗೇ ಇಳಿಸಿದ್ದ. ಮಕ್ಕಳಿಗೆಲ್ಲ ಗೆರೆ ದಾಟಬೇಡಿ ಎಂದು ಕಲಿಸಿದ ಹೆಡ್‌ಮಾಸ್ತರರು ತಮ್ಮ ಕಾಂಪೌಂಡ್ ಗೋಡೆಯನ್ನು ಎರಡು ಅಡಿ ಮುಂದಕ್ಕೆ ನಡೆಸಿದ್ದರು.

ಗುಮಾಸ್ತರಿಗೆ ಇದ್ಯಾವುದರ ಗಮನವೂ ಇರಲಿಲ್ಲ. ಕ್ಲಿನಿಕ್ಕಿನ ಗೋಡೆಗೆ ಒಂದು ಹಿಡಿ ಕೆಂಪು ಮಣಿ ಅಂಟಿಸಿದರು. ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಚಾಚಿ ನೋಡಿದರು. ಟೈಲರನ ಗೋಡೆಗೆ ಇನ್ನಷ್ಟು ಕೆಂಪು, ನಡುವೆ ಒಂದು ನೀಲಿ. ಹೆಡ್‌ಮಾಸ್ತರರ ಗೋಡೆಗೆ ಕೆಂಪೇ ಕೆಂಪು. ಆ ಮಾಸಿದ ಸುಣ್ಣದ ಮೇಲೆ ಅದು ಚೆನ್ನಾಗಿ ಎದ್ದು ಕಾಣುತ್ತಿತ್ತು.

ಅಂಗಡಿಯೊಳಗಿಂದ ಟೈಲರ್ ಕತ್ತಿಗೆ ಟೇಪು ಹಾಕಿಕೊಂಡೇ ಹೊರಬಂದ.

"ಏನ್ ಸಾರ್, ಭಾನುವಾರಾನೂ ಡ್ಯೂಟಿ?"

"ನೋಡ್ತಾ ಇದೀನಪ್ಪ," ಗುಮಾಸ್ತರು ಗೋಡೆಯಿಂದ ಕಣ್ಣು ತೆಗೆಯಲಿಲ್ಲ. "ಎಲ್ಲಿ ಏನು ಉಳಿಸ್ಕೋಬೇಕು, ಯಾವುದನ್ನ ತೆಗೆದು ಹಾಕ್ಬೇಕು ಅಂತ."

"ಈ ಕೆಂಪು..."

"ಕೆಂಪು ಇಷ್ಟು ಸಾಲ್ದು ಅನ್ಸುತ್ತೆ. ಈ ಮೆಟ್ಟಿಲ ಹತ್ರ ಇನ್ನೂ ಬೇಕು."

ಟೈಲರನ ಬಾಯಲ್ಲಿದ್ದ ಗುಂಡುಸೂಜಿ ಕೆಳಗೆ ಬಿತ್ತು. ಅವನ ಹೆದರಿಕೆಗೆ ಕಾರಣವಿತ್ತು. ಹಿಂದಿನ ವರ್ಷ ಪಕ್ಕದ ಬೀದಿಯನ್ನು ಅಗಲ ಮಾಡುವ ಮೊದಲು ಇದೇ ರಸ್ತೆ ವಿಭಾಗದವರು ಗೋಡೆಗಳಿಗೆ ಬಣ್ಣದ ಚುಕ್ಕೆ ಇಟ್ಟು ಹೋಗಿದ್ದರು. ಕೆಂಪು ಚುಕ್ಕೆ ಇದ್ದದ್ದು ನೆಲಕ್ಕೆ ಬಿತ್ತು, ಹಸಿರು ಚುಕ್ಕೆ ಇದ್ದದ್ದು ಉಳಿಯಿತು. ಗುಮಾಸ್ತರು ಅತ್ತ ತಿರುಗಿದ್ದೇ ತಡ, ಅವನು ದಂತವೈದ್ಯೆಯ ಬಳಿಗೆ ಓಡಿದ.

"ಮೇಡಂ, ಬೀದಿ ಅಗಲ ಆಗ್ತಿದೆ! ನಮಗೆಲ್ಲ ಕೆಂಪು ಹಾಕಿದಾರೆ!"

"ಮಣಿ ಯಾಕೆ ಅಂಟಿಸಿದಾರೆ? ಬಣ್ಣ ಹಚ್ಚೋದಲ್ವಾ?"

"ಬಣ್ಣದ ಡಬ್ಬಕ್ಕೂ ಗತಿ ಇಲ್ಲ ಮೇಡಂ ನಗರಸಭೆಗೆ. ಉಳಿತಾಯ!"

ಅದು ಎಲ್ಲರಿಗೂ ನಂಬುವಂತೆಯೇ ಇತ್ತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಹೆಗಲು ಮುಟ್ಟಿಕೊಂಡದ್ದಷ್ಟೇ ಅಲ್ಲ, ಕುಂಬಳಕಾಯಿಯೇ ಬಂತು. ಸಂಜೆ ಹೆಡ್‌ಮಾಸ್ತರರು ಹಿತ್ತಿಲಲ್ಲಿ ಬೆಳೆದ ದೊಡ್ಡದೊಂದನ್ನು ಹೊತ್ತುಕೊಂಡು, ಏದುಸಿರು ಬಿಡುತ್ತ ಗುಮಾಸ್ತರ ಮನೆಗೆ ಬಂದರು.

"ನಿಮ್ಮ ಕೆಲಸದ ವಿಷಯ ತಿಳೀತು," ಎಂದರು ದನಿ ತಗ್ಗಿಸಿ.

ಭಾವಮೈದುನ ಬೀದಿಗೆಲ್ಲ ಡಂಗುರ ಸಾರಿದ್ದಾನೆ ಎಂದುಕೊಂಡ ಗುಮಾಸ್ತರು ಒಳಗೊಳಗೇ ಉಬ್ಬಿದರು. "ನಿಮಗೂ ತಿಳೀತಾ? ಇನ್ನೂ ಪೂರ್ತಿ ಆಗಿಲ್ಲ. ಶನಿವಾರಕ್ಕೆ ಮುಗಿಸ್ಬೇಕು."

"ಶನಿವಾರ!" ಹೆಡ್‌ಮಾಸ್ತರರು ಕುಂಬಳಕಾಯಿಯ ಮೇಲೆ ಕೈಯೂರಿ ಕೂತರು. "ನಮ್ಮ ಕಡೆ ಕೆಂಪು ಸ್ವಲ್ಪ ಜಾಸ್ತಿ ಆಯ್ತಲ್ವೇ? ಹಸಿರು ಹಾಕಿದ್ರೆ ಕಣ್ಣಿಗೂ ತಂಪು. ಕೆಂಪನ್ನ ಬೇಕಾದ್ರೆ ಟೈಲರ್ ಕಡೆ ಹಾಕಿ, ಅವನು ತಡ್ಕೋತಾನೆ."

ಗುರುಗಳಿಗೆ ಎಂಥ ಕಲಾದೃಷ್ಟಿ ಎಂದು ಗುಮಾಸ್ತರಿಗೆ ಮನಸ್ಸು ತುಂಬಿ ಬಂತು. "ಆಯ್ತು ಬಿಡಿ," ಎಂದರು.

ಮರುದಿನ ಟೈಲರ್ ಅವರನ್ನು ಹಿಡಿದು ನಿಲ್ಲಿಸಿ ಪುಕ್ಕಟೆಯಾಗಿ ಅಂಗಿಯ ಅಳತೆ ತೆಗೆದುಕೊಂಡ. "ಕೆಂಪು ಹೆಡ್‌ಮಾಸ್ಟ್ರ ಕಡೆ ಇರ್ಲಿ ಸಾರ್, ದೊಡ್ಡವ್ರು. ನಮಗೊಂದು ಹಸಿರು ಸಾಕು," ಎಂದ. ಅದಕ್ಕೂ "ಆಯ್ತು ಬಿಡಿ". ದಂತವೈದ್ಯೆ ಅವರನ್ನು ಕ್ಲಿನಿಕ್ಕಿನೊಳಗೆ ಕರೆದು, ಬೇಡ ಬೇಡ ಎನ್ನುತ್ತಿದ್ದಂತೆ ಕುರ್ಚಿಯಲ್ಲಿ ಮಲಗಿಸಿ, ಬಾಯಿಗೆ ಹತ್ತಿ ತುರುಕಿ, ದೀಪ ಹಾಕಿ ಹಲ್ಲು ಉಜ್ಜತೊಡಗಿದಳು.

"ಈಗ ಹೇಳಿ. ನಮ್ಮ ಬೋರ್ಡಿಗೆ ಕೆಂಪಾ, ಹಸಿರಾ?"

"ಆ... ಆಂ..."

"ಕೆಂಪಾ?" ಯಂತ್ರ ಜೋರಾಗಿ ತಿರುಗಿತು.

"ಆಂ ಆಂ ಆಂ!"

"ಅಂದ್ರೆ ಹಸಿರು?" ಯಂತ್ರ ನಿಂತಿತು.

ಗುಮಾಸ್ತರು ತಲೆ ಆಡಿಸಿದರು. ಯಂತ್ರ ನಿಲ್ಲುವುದಾದರೆ ಅವರು ಯಾವ ಬಣ್ಣಕ್ಕಾದರೂ ಒಪ್ಪುತ್ತಿದ್ದರು. ಹೊಳೆಯುವ ಹಲ್ಲು ಹೊತ್ತು ಮನೆಗೆ ಬಂದವರು ಹೆಂಡತಿಗೆ, "ಜನಕ್ಕೆ ಕಲೆ ಅಂದ್ರೆ ಇಷ್ಟೊಂದು ಪ್ರಾಣ ಅಂತ ಗೊತ್ತಿರ್ಲಿಲ್ಲ ಕಣೇ," ಎಂದರು. ಆಕೆ ಕುಂಬಳಕಾಯಿಯನ್ನೂ ಗಂಡನ ಹಲ್ಲನ್ನೂ ಒಂದೊಂದು ಸಲ ನೋಡಿ ಒಳಗೆ ಹೋದಳು. ಡಿಸೈನ್ ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು, ಅಂದರೆ ಎಲ್ಲೂ ಇರಲಿಲ್ಲ.

ಅಷ್ಟರಲ್ಲಿ ಹೆಡ್‌ಮಾಸ್ತರರಿಗೆ ಕುಂಬಳಕಾಯಿಯ ಮೇಲಿನ ನಂಬಿಕೆ ಸಡಿಲವಾಗಿ, ಅವರು ನೇರವಾಗಿ ಇಂಜಿನಿಯರ್ ಸಾಹೇಬರನ್ನು ಕಂಡು ದೂರಿದರು. ಸಾಹೇಬರ ಒಂದು ಗುಣವೆಂದರೆ, 'ನನಗೆ ಗೊತ್ತಿಲ್ಲ' ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಯಾರೂ ಕೇಳಿದ್ದಿಲ್ಲ. "ಹೌದು ಹೌದು, ಆ ಯೋಜನೆ," ಎಂದು ಅವರನ್ನು ಸಾಗಹಾಕಿ, ಬಾಗಿಲು ಮುಚ್ಚಿಸಿ ಗುಮಾಸ್ತರನ್ನು ಕರೆಸಿದರು.

"ನಿಮ್ಮ ಬೀದಿ ಕೆಲಸ ಎಲ್ಲಿಗೆ ಬಂತು?"

ಸಾಹೇಬರಿಗೂ ತಿಳಿದಿದೆ! ಗುಮಾಸ್ತರ ಎದೆ ಹಿಗ್ಗಿತು. "ಬಣ್ಣ ಗೊತ್ತುಮಾಡ್ತಾ ಇದೀನಿ ಸರ್. ಆಫೀಸ್ ಟೈಮಲ್ಲಿ ಮಾಡ್ತಿಲ್ಲ."

"ಪರವಾಗಿಲ್ಲ, ಮಾಡಿ. ಇದನ್ನ ನಿಮಗೆ ವಹಿಸಿದ್ದು..." ಸಾಹೇಬರು ಎಚ್ಚರಿಕೆಯಿಂದ ವಾಕ್ಯವನ್ನು ಅರ್ಧಕ್ಕೇ ಬಿಟ್ಟರು.

"ಮೇಡಂ ಅವರೇ ಸರ್, ಖುದ್ದಾಗಿ. ಶನಿವಾರ ನೋಡ್ತಾರೆ. ಹಿಡಿಸ್ಲಿಲ್ಲ ಅಂದ್ರೆ ಬೇರೆಯವರಿಗೆ ಕೊಟ್ಬಿಡ್ತಾರಂತೆ."

ಸಾಹೇಬರಿಗೆ ಗೊತ್ತಿದ್ದ ಮೇಡಂ ಒಬ್ಬರೇ, ನಗರಸಭೆಯ ಅಧ್ಯಕ್ಷೆ. ತಮ್ಮನ್ನು ಬಿಟ್ಟು ಒಬ್ಬ ಮೊಹರು ಗುಮಾಸ್ತನಿಗೆ ಕೆಲಸ ವಹಿಸಿದ್ದಾರೆಂದರೆ, 'ಬೇರೆಯವರಿಗೆ' ಕೊಡುವುದು ಬಹುಶಃ ತಮ್ಮ ಕುರ್ಚಿಯನ್ನೇ. ಅವರು ಎದ್ದು ನಿಂತು ಗುಮಾಸ್ತರಿಗೆ ಕುರ್ಚಿ ಎಳೆದುಕೊಟ್ಟರು. "ಕೂತ್ಕೊಳ್ಳಿ, ಕೂತ್ಕೊಳ್ಳಿ. ಶನಿವಾರ ನಾನೂ ಬರ್ತೀನಿ." ನೌಕರಿಗೆ ಸೇರಿದ ಮೇಲೆ ಗುಮಾಸ್ತರು ಆ ಕೋಣೆಯಲ್ಲಿ ಕೂತದ್ದು ಅದೇ ಮೊದಲು.

ಬೀದಿಯಲ್ಲಿ ಆ ವಾರ ನಡೆದದ್ದು ಗುಮಾಸ್ತರಿಗೆ ತಿಳಿದದ್ದು ಆಮೇಲೆ. ದಂತವೈದ್ಯೆ ಆಳು ಕರೆಸಿ ಬೋರ್ಡನ್ನು ಗೋಡೆಗೆ ಒತ್ತಿ ಬಡಿಸಿದಳು. ಟೈಲರ್ ಬೆವರು ಸುರಿಸಿಕೊಂಡು ಮೆಟ್ಟಿಲು ಕಿತ್ತ. ಹೆಡ್‌ಮಾಸ್ತರರು "ಹಳೇ ಗೋಡೆ, ಹೇಗೂ ಬೀಳೋದಿತ್ತು" ಎಂದು ಯಾರೂ ಕೇಳದಿದ್ದರೂ ಹೇಳಿಕೊಂಡು ಕಾಂಪೌಂಡನ್ನು ಹಿಂದಕ್ಕೆ ಕಟ್ಟಿಸಿದರು. ಆದರೂ ಕೆಂಪು ಮಣಿ ಕಣ್ಣು ಕುಕ್ಕುತ್ತಲೇ ಇತ್ತು. ಎಸೆಯಲು ಭಯ, ಸರ್ಕಾರದ ಸ್ವತ್ತು. ಇಟ್ಟುಕೊಳ್ಳಲು ಇನ್ನೂ ಭಯ. ಮೂವರಿಗೂ ಬೇರೆ ಬೇರೆಯಾಗಿ ಒಂದೇ ಬುದ್ಧಿ ಹೊಳೆಯಿತು: ಯಾರ ಮಾಲು ಅವರ ಹತ್ತಿರವೇ ಇರಲಿ.

ಶುಕ್ರವಾರ ಮಧ್ಯಾಹ್ನ ಬೀದಿ ಖಾಲಿಯಾಗಿದ್ದಾಗ ದಂತವೈದ್ಯೆ ತನ್ನ ಪಾಲಿನ ಕೆಂಪನ್ನು ಚಿಮಟದಲ್ಲಿ ಹಿಡಿದು ತಂದು ಗುಮಾಸ್ತರ ಬಾಗಿಲ ಪಕ್ಕದ ಗೋಡೆಗೆ ಕೂರಿಸಿದಳು. ಕೈ ಸುಮ್ಮನಿರಬೇಕಲ್ಲ, ದವಡೆಯ ಹಲ್ಲಿನಂತೆ ಕಮಾನಾಗಿ, ಅಂತರ ತಪ್ಪದಂತೆ ಕೂರಿಸಿದಳು. ಸ್ವಲ್ಪ ಹೊತ್ತಿಗೆ ಟೈಲರ್ ಬಂದ. ಅವನ ಕೈಗೆ ಗೊತ್ತಿದ್ದದ್ದು ಕಾಲರು, ಆ ಕಮಾನಿನ ಕೆಳಗೆ ಇನ್ನೊಂದು ಬಾಗನ್ನು ಹೊಲಿಗೆ ಹಾಕಿದಂತೆ ಅಂಟಿಸಿ, ನೀಲಿಯನ್ನು ಗುಂಡಿಯಂತೆ ನಡುವೆ ಇಟ್ಟ. ಕೊನೆಗೆ ಹೆಡ್‌ಮಾಸ್ತರರು. ಅತ್ತಿತ್ತ ನೋಡುತ್ತಲೇ ಸಿಕ್ಕಿದಲ್ಲಿ ಒತ್ತಿದರು. ಬರೀ ಕೆಂಪಿದ್ದರೆ ಗುಮಾಸ್ತರಿಗೆ ಸಿಟ್ಟು ಬಂದೀತೆಂದು ಮೂವರೂ ಸಮಾಧಾನಕ್ಕೆ, ತಂತಮ್ಮ ಗೋಡೆಗೆಂದು ರಾಶಿಯಾಗಿ ಕೊಂಡು ತಂದಿದ್ದ ಹಸಿರಿನಲ್ಲಿ ಒಂದೊಂದನ್ನೂ ಸೇರಿಸಿದರು. ಆ ಹೊತ್ತಿಗೆ ಬಿಸಿಲು ಆ ಗೋಡೆಗೆ ತಿರುಗಿತು. ಹೆಡ್‌ಮಾಸ್ತರರು ಮೇಣ ಮೆತ್ತಿದ್ದು ದಪ್ಪವಾಗಿತ್ತು. ಅದು ಮೆತ್ತಗಾಗಿ, ಅವರ ಮಣಿಗಳು ಒಂದು ಬೆರಳಷ್ಟು, ಒಂದು ಗೇಣಷ್ಟು ಹೀಗೆ ಕೆಳಗೆ ಜಾರಿ, ತಂಪಾದ ಮೇಲೆ ಅಲ್ಲಲ್ಲೇ ನಿಂತವು. ಕತ್ತಲಾದ ಮೇಲೆ ಮನೆಗೆ ಬಂದ ಗುಮಾಸ್ತರ ಕಣ್ಣಿಗೆ ಅದು ಬೀಳಲಿಲ್ಲ.

ಶನಿವಾರ ಬೆಳಗ್ಗೆ ಗುಮಾಸ್ತರು ಸೋಲೊಪ್ಪಿಕೊಳ್ಳುವುದೆಂದು ಗಟ್ಟಿಮಾಡಿಕೊಂಡು ಬಾಗಿಲು ತೆರೆದರು. ಎದುರಿಗೆ ಇಂಜಿನಿಯರ್ ಸಾಹೇಬರ ಜೀಪು. ಜೀಪಿನ ಹಿಂದೆ ದಂತವೈದ್ಯೆ, ಟೈಲರ್, ಹೆಡ್‌ಮಾಸ್ತರರು. ಎಲ್ಲರನ್ನೂ ಸರಿಸಿಕೊಂಡು ಮಣಿ ಅಂಗಡಿಯ ಯಜಮಾನಿ ಬಂದಳು.

"ಏನ್ರೀ ನಡೀತಿದೆ ಈ ಬೀದೀಲಿ? ನನ್ನಂಗಡಿ ಹಸಿರು ಮಣಿಯೆಲ್ಲ ಖಾಲಿ! ಎಲ್ಲಾ ಈ ಬೀದಿಯವ್ರೇ..."

ಮಾತು ಅಲ್ಲಿಗೇ ನಿಂತಿತು. ಅವಳ ಕಣ್ಣು ಬಾಗಿಲ ಪಕ್ಕದ ಗೋಡೆಯ ಮೇಲೆ ನೆಟ್ಟಿತ್ತು. ಒಳಗಿಂದ ಗುಮಾಸ್ತರ ಹೆಂಡತಿಯೂ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು. ಮೇಲೆ ಅಚ್ಚುಕಟ್ಟಾದ ಒಂದು ಕಮಾನು, ಅದರ ಕೆಳಗೆ ಮೈದುಂಬಿದ ಬಾಗು, ನಡುವೆ ಒಂದೇ ನೀಲಿ, ಅಲ್ಲಿಂದ ಉದ್ದಗಿಡ್ಡವಾಗಿ ಇಳಿಬಿದ್ದ ಕೆಂಪು ಹನಿಗಳು, ನೀವು ಊಹಿಸದ ಜಾಗದಲ್ಲಿ ಮೂರೇ ಮೂರು ಹಸಿರು. ಆಕೆ ಉಸಿರು ಹಿಡಿದು ನಿಂತಳು. ಅಷ್ಟು ಚೆನ್ನಾಗಿತ್ತು.

"ಸಾರ್," ಯಜಮಾನಿ ಪಿಸುಗುಟ್ಟಿದಳು, "ಇದು ನಿಮ್ಮದಾ?"

ಹೌದು ಅನ್ನುವುದಕ್ಕೆ ಒಂದು ಉಸಿರು ಸಾಕಿತ್ತು. ಕಿಟಕಿ ಸಿಗುತ್ತಿತ್ತು, ಮರ್ಯಾದೆ ಉಳಿಯುತ್ತಿತ್ತು. ಗುಮಾಸ್ತರು ಹೆಂಡತಿಯ ಮುಖ ನೋಡಿದರು. ಅಂಗಡಿಯಲ್ಲಿ ಕಂಡ ಆ ನೊಂದ ನೋಟವನ್ನು ಇನ್ನೊಂದು ಸಲ ನೋಡುವ ಧೈರ್ಯ ಅವರಿಗಿರಲಿಲ್ಲ.

"ನನ್ನದಲ್ಲ," ಎಂದರು. "ಇದೂ ಅಲ್ಲ, ಆವತ್ತಿನದ್ದೂ ಅಲ್ಲ. ಆವತ್ತಿನದ್ದು ಇವಳದ್ದು. ಇದು ಯಾರದ್ದೋ ದೇವರಾಣೆಗೂ ಗೊತ್ತಿಲ್ಲ."

"ಹಾಗಾದ್ರೆ ಯಾರದ್ದು?" ಯಜಮಾನಿ ಸುತ್ತ ನೋಡಿದಳು.

"ನಮ್ಮದಲ್ಲ!" ಟೈಲರ್ ಹಿಂದೆ ಹಾರಿದ. "ನಾನು ಈ ಕಡೆ ಬಂದೇ ಇಲ್ಲ," ಎಂದಳು ದಂತವೈದ್ಯೆ. ಹೆಡ್‌ಮಾಸ್ತರರು, "ನನಗೆ ಕಣ್ಣೇ ಕಾಣಲ್ಲ," ಎಂದುಬಿಟ್ಟರು. ಏನೆಂದು ತಿಳಿಯದಿದ್ದರೂ ಇಂಜಿನಿಯರ್ ಸಾಹೇಬರು ಕೂಡ, "ಇಲಾಖೆಗೂ ಇದಕ್ಕೂ ಸಂಬಂಧ ಇಲ್ಲ," ಎಂದು ಘೋಷಿಸಿದರು.

ಅಷ್ಟು ಜನರ ನಡುವೆ ಆ ಚೆಲುವಾದ ವಸ್ತು ಅನಾಥವಾಗಿ ನಿಂತಿತು.

"ಯಾರದ್ದೂ ಅಲ್ವಾ?" ಗುಮಾಸ್ತರ ಹೆಂಡತಿ ಮುಂದೆ ಬಂದಳು. "ಇನ್ನೊಂದ್ಸಲ ಯೋಚ್ನೆ ಮಾಡಿ ಹೇಳಿ. ಆಮೇಲೆ ಕೇಳಬಾರದು."

ಎಲ್ಲರೂ ಜೋರಾಗಿ ತಲೆಯಾಡಿಸಿದರು.

"ಹಾಗಾದ್ರೆ ನನ್ನದು," ಎಂದಳು ಆಕೆ. ಒಳಗೆ ಹೋಗಿ ಬಿಳಿ ಬಟ್ಟೆ ತಂದು ಗೋಡೆಗೆ ಹಿಡಿದು, ಒಂದೊಂದೇ ಮಣಿಯನ್ನು ಇದ್ದ ಕ್ರಮದಲ್ಲೇ ಅದಕ್ಕೆ ಇಳಿಸಿಕೊಳ್ಳತೊಡಗಿದಳು. ಹನಿಗಳ ಉದ್ದ ಎರಡು ಕಡೆ ತಿದ್ದಿದಳು. ಒಂದು ಹಸಿರನ್ನು ತುಸು ಪಕ್ಕಕ್ಕೆ ಸರಿಸಿದಳು. ಅಷ್ಟು ಸರಿಸಿದ ಮೇಲೆ ಅದು ನಿಜಕ್ಕೂ ಆಕೆಯದ್ದೇ ಆಯಿತು.

"ಸಂಜೆಯೊಳಗೆ ಪೋಣಿಸಿ ಕೊಡಿ," ಯಜಮಾನಿ ಉದ್ಗರಿಸಿದಳು. "ಕಿಟಕಿ ನಿಮ್ಮದೇ!"

ಸಾಹೇಬರು ಗುಮಾಸ್ತರ ಕಿವಿಯ ಹತ್ತಿರ ಬಾಗಿದರು. "ಮತ್ತೆ... ರಸ್ತೆ ಅಗಲ ಮಾಡೋ ಯೋಜನೆ?"

ಮೂವರೂ ಉಸಿರು ಬಿಗಿಹಿಡಿದರು. ಗುಮಾಸ್ತರಿಗೆ ಯಾವ ಯೋಜನೆ ಎಂದೇ ಅರ್ಥವಾಗಲಿಲ್ಲ. ಅವರ ಕಣ್ಣು ಹೆಂಡತಿಯ ಕೈಯ ಮೇಲಿತ್ತು.

"ಆಯ್ತು ಬಿಡಿ," ಎಂದರು.

ಬೀದಿಗೆ ಹೋದ ಜೀವ ಬಂತು. ಆಯ್ತುಬಿಡಿ 'ಆಯ್ತು ಬಿಡಿ' ಅಂದ ಮೇಲೆ ಆ ಕೆಲಸ ಈ ಜನ್ಮದಲ್ಲಿ ಆಗುವುದಿಲ್ಲವೆಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಸಾಹೇಬರು ಮಾತ್ರ ಸುತ್ತ ನೋಡಿ, ಬೋರ್ಡು ಒಳಗೆ ಹೋಗಿ, ಮೆಟ್ಟಿಲು ಮಾಯವಾಗಿ, ಗೋಡೆ ಹಿಂದೆ ಸರಿದು ಬೀದಿ ಆಗಲೇ ಅಗಲವಾಗಿರುವುದನ್ನು ಕಂಡರು. ಒಂದು ಕಾಸೂ ಖರ್ಚಿಲ್ಲದೆ ಕೆಲಸ ಮುಗಿಸಿದ್ದಕ್ಕೆ ಅಧ್ಯಕ್ಷೆಯಿಂದ ಅವರಿಗೆ ಮೆಚ್ಚುಗೆಯೂ ಬಂತಂತೆ. ಅದು ಹೇಗಾಯಿತೆಂದು ಯಾರೋ ಕೇಳಿದಾಗಲೂ ಅವರು ಗೊತ್ತಿಲ್ಲ ಅನ್ನಲಿಲ್ಲ.

ಮುಂದಿನ ವಾರ ಗಂಡಹೆಂಡತಿ ಮಾರುಕಟ್ಟೆಗೆ ಹೋದಾಗ ಗಾಜಿನ ಕಿಟಕಿಯ ಮುಂದೆ ಗುಂಪು ನೆರೆದಿತ್ತು. ಕೆಂಪು ಹನಿಗಳ ಸರ ಒಳಗೆ ಒಂಟಿಯಾಗಿ ಹೊಳೆಯುತ್ತಿತ್ತು. ಆಕೆ ಸ್ವಲ್ಪ ದೂರದಲ್ಲೇ ನಿಂತು, ನೋಡಿಯೂ ನೋಡದವಳಂತೆ ಎಲ್ಲವನ್ನೂ ನೋಡಿದಳು. ಅವತ್ತು ಆಕೆಯಷ್ಟು ಸಂತೋಷವಾಗಿದ್ದವರು ಆ ಮಾರುಕಟ್ಟೆಯಲ್ಲಿ ಇನ್ನೊಬ್ಬರಿರಲಿಲ್ಲ. ಚೀಲ ಹಿಡಿದ ಗುಮಾಸ್ತರನ್ನು ಗುಂಪಿನಲ್ಲಿದ್ದ ಒಬ್ಬ ಮುದುಕಿ ತಿವಿದು ಕೇಳಿದಳು.

"ಯಾರಪ್ಪಾ ಮಾಡಿದ್ದು ಇದನ್ನ?"

"ನಮ್ಮ ಮನೆಯವಳು," ಎಂದರು ಗುಮಾಸ್ತರು. ನಾಲಿಗೆ ತುದಿಯಲ್ಲಿ ಇನ್ನೊಂದು ಮಾತು ತುರಿಸುತ್ತಿತ್ತು. ತಡೆದರು, ತಡೆಯಲಾಗಲಿಲ್ಲ. "ಸೂಜಿಗೆ ದಾರ ಹಾಕಿದ್ದು ನಾನು."

ಹಿಂದಿನಿಂದ ಹೆಂಡತಿ ಬಂದು ಅವರ ಕೈಯ ಚೀಲದ ಒಂದು ಹಿಡಿಯನ್ನು ತಾನು ಹಿಡಿದುಕೊಂಡಳು.

"ಹೌದು ಅಜ್ಜಿ," ಎಂದಳು ನಗುತ್ತ. "ಅದು ಮಾತ್ರ ಅವರದ್ದೇ."